ಆಲಾಪದ ನಡುವಿನ ಕೆಮ್ಮು

ಧಾರವಾಡದ ಹಳೇ ರೆಕಾರ್ಡುಗಳ ಅಂಗಡಿಯಲ್ಲಿ ಹಳೆಯದೊಂದು ಸಂಗೀತ ಕಚೇರಿಯ ರೆಕಾರ್ಡು ಉಳಿದಿದ್ದು ಒಂದೇ. ಇಬ್ಬರು ಸಂಗ್ರಾಹಕರಿಗೂ ಅದೇ ಬೇಕಿತ್ತು. ಅದರಲ್ಲಿ ಆಲಾಪ ನಡೆದಿರುವಾಗಲೇ ಯಾರೋ ಕೆಮ್ಮುತ್ತಾರೆ.

“ಅದು ನಮ್ಮಪ್ಪನ ಕೆಮ್ಮುರೀ. ಅವನ ದನಿ ಅಂತ ಉಳಿದದ್ದು ಅದೊಂದ,” ಎಂದರು ಚನ್ನವೀರಪ್ಪ.

“ನಿಮ್ಮಪ್ಪಂದು ಬೀಡಿ ಕೆಮ್ಮು, ಊರಿಗೆಲ್ಲ ಗೊತ್ತೈತಿ. ಇಷ್ಟು ಮೆತ್ತಗ ಕೆಮ್ಮಾಂವ ನಮ್ಮಪ್ಪ,” ಎಂದರು ಶೇಷಗಿರಿ.

ರೋಸಿಹೋದ ಅಂಗಡಿಯವನು ಇಬ್ಬರನ್ನೂ ಗಾಯಕರ ಮನೆಗೇ ಕರೆದೊಯ್ದ. ಕವರಿನ ಮೇಲಿದ್ದುದು ಅವರದೇ ಚಿತ್ರ. ತೊಂಬತ್ತು ದಾಟಿದ್ದ ಗಾಯಕರು ಕಣ್ಣು ಮುಚ್ಚಿ ರೆಕಾರ್ಡನ್ನು ಪೂರ್ತಿ ಕೇಳಿದರು. ಕೆಮ್ಮು ಬಂದಾಗ ಮುಗುಳ್ನಕ್ಕರು.

“ಜಗಳ ಬ್ಯಾಡ್ರಿ. ಕೆಮ್ಮಿದಾಂವ ನಾನು,” ಎಂದರು. “ಆದ್ರ, ಹಾಡಾಕತ್ತಾನಲ್ಲ, ಅವ ಯಾರು?”