ಏಡಿಗೂಡು, ಮೊದಲ ಮುದ್ರಣ

"ಗಾಜು ಒರ್ಸು ಹೇಮಾ. ಮೇಲೆ ಎಂತದೂ ಇಡಬೇಡ. ಬರೀ ಗಾಜಿಂದೇ ಒಂದು ಜೆರಾಕ್ಸ್ ತೆಗಿ."

ಹೇಮಾಳ ಕೈ ಅಲ್ಲೇ ನಿಂತಿತು. ಕುಮಟಾ ಬಸ್‌ಸ್ಟ್ಯಾಂಡಿನೆದುರಿನ ಅವಳ ಅಂಗಡಿಯ ಕೌಂಟರಿಗೆ ಮೊಣಕೈ ಊರಿ ರವೀಂದ್ರ ಧಣಿ ನಗುತ್ತ ನಿಂತಿದ್ದ. ತದಡಿ ಕಡೆಯ ಹಿನ್ನೀರಿನ ಗದ್ದೆಗಳಲ್ಲಿ ಅರ್ಧಕ್ಕರ್ಧ ಅವನವೇ. ಕಗ್ಗ ಭತ್ತ ತೂಗುತ್ತಿದ್ದ ಜಾಗದಲ್ಲೆಲ್ಲ ಈಗ ಸಿಗಡಿ ಹೊಂಡ. ಅವನು ಮುಂದಿಟ್ಟಿದ್ದು 'ಏಡಿಗೂಡು' ಎಂಬ ಪಿನ್ನು ಹೊಡೆದ ಹಾಡಿನ ಪುಸ್ತಿಕೆಯ ಎರಡು ಪ್ರತಿಗಳನ್ನು.

ಎರಡನ್ನೂ ಜೋಡಿಸಿ ಹಂಚಿದವಳು ಹೇಮಾಳೇ. ರಕ್ಷಾಪುಟ ಒಂದೇ. ಯಾವುದರಲ್ಲೂ ಮುದ್ರಿಸಿದವರ ಹೆಸರಿಲ್ಲ, ಹಾಡು ಕಟ್ಟಿದವರ ಹೆಸರೂ ಇಲ್ಲ. ಆದರೆ ಒಂದರಲ್ಲಿ ಭರತದಲ್ಲಿ ಕಡಲು ಉಕ್ಕುವಾಗ ತೂಬಿನ ಹಲಗೆ ಎತ್ತಿಸಿ ಗದ್ದೆಗೆ ಉಪ್ಪುನೀರು ನುಗ್ಗಿಸಿದವನು 'ರವಿಂದ್ರ ದಣಿ', ಇನ್ನೊಂದರಲ್ಲಿ ಬರೀ 'ಊರ ದಣಿ'. ಹೆದರಿ ಬದಲಿಸಿದ್ದು. ಅವನ ಹೆಸರಿದ್ದ ಮೊದಲಿನ ಪ್ರತಿಗಳನ್ನು ಮನೆಮನೆ ತಿರುಗಿ ವಾಪಸು ತಂದು ಬಚ್ಚಲೊಲೆಗೆ ಹಾಕಿದ್ದಳು. ತಪ್ಪಿಸಿಕೊಂಡ ಒಂದು ಹೋಗಿ ಹೋಗಿ ಇವನ ಕೈಗೇ ಬೀಳಬೇಕೇ, ದರಿದ್ರದ್ದು!

ಯಂತ್ರ ಗರಗರ ಎಂದು ಹಾಳೆ ಉಗುಳಿತು. ಖಾಲಿ ಹಾಳೆ, ಆದರೆ ಬಲಗಡೆ ಮೇಲಿನ ಮೂಲೆಯಲ್ಲಿ ತಲೆಗೂದಲಿನಷ್ಟು ಸಣ್ಣ, ಸೊಟ್ಟ ಗೆರೆಯೊಂದು. ಹೇಮಾಳ ಬಳೆ ತಾಗಿ ಗಾಜಿನ ಮೇಲೆ ಗೀರು ಬಿದ್ದಿತ್ತು. ರವೀಂದ್ರ ತನ್ನ ಹೆಸರಿದ್ದ ಪ್ರತಿಯನ್ನು ಬಿಡಿಸಿ ಪುಟ ಪುಟವನ್ನೂ ಆ ಹಾಳೆಯ ಪಕ್ಕ ಹಿಡಿದ. ಪ್ರತಿ ಪುಟದಲ್ಲೂ ಅದೇ ಮೂಲೆ, ಅದೇ ಸೊಟ್ಟ ಗೆರೆ. ಹೊನ್ನಾವರದಲ್ಲಿ ಮಾಡಿಸಿದ ಎರಡನೆಯದರಲ್ಲಿ ಅದು ಇರಲಿಲ್ಲ.

"ಹಂಗಾರೆ ನನ್ನ ಹೆಸ್ರಿದ್ದ ಮೊದಲ್ನೇ ಮುದ್ರಣ ಇದು. ನಿನ್ನ ಮಷಿನ್ನಿಂದೇ. ಆತು, ಪೇಟೆಯವ್ರ ಕೂಡೆ ನಂಗೆ ಜಗಳ ಬೇಡ. ಈ ಹಾಡು ಕಟ್ಟಿದ್ದು ಯಾರು? ಅಷ್ಟು ಹೇಳು ಸಾಕು."

ಹೇಮಾ ಗೋಡೆಯ ಬದಿಯ ಬೆಂಚಿನ ಕಡೆ ನೋಡಬಾರದೆಂದು ಕಣ್ಣನ್ನು ಬಿಗಿಹಿಡಿದಳು. ಅಲ್ಲಿ ಆಧಾರ್ ಕಾರ್ಡು ಹಿಡಿದು ಕೂತಿದ್ದಳು ಲಕ್ಕಿ. ಹಾಡು ಅವಳದೇ. ಅವಳು ಗೇಣಿಗೆ ಮಾಡುತ್ತಿದ್ದ ಗದ್ದೆ ಮಾತ್ರ ಈ ಧಣಿಯದು. ಅವನು ಬೇಡವೆಂದರೆ ಲಕ್ಕಿಗೆ ಕಾಲಿಡಲು ಬೇರೆ ಗದ್ದೆಯಿಲ್ಲ.

"ನಾನೇ ಕಟ್ಟಿದ್ದು," ಎಂದಳು ಹೇಮಾ.

"ಹೌದನಾ? ಹಾಡು ಹಂಗಾರೆ. ಕೇಳ್ವ."

ಹುಟ್ಟಿದಾಗಿನಿಂದ ನಾಲ್ಕು ಜನರೆದುರು ಬಾಯಿ ಬಿಟ್ಟವಳಲ್ಲ ಹೇಮಾ. ಆದರೂ ಧೈರ್ಯ ಮಾಡಿ ಶುರುಮಾಡಿದಳು: "ಭರತದ ಹೊತ್ತೀಗೆ ಹಲಗೆಯ ಎತ್ತ್ಯಾರು..." ಅಷ್ಟಕ್ಕೇ ದನಿ ಕೈಕೊಟ್ಟಿತು. ಮುಂದಿನ ಸೊಲ್ಲು ಎಲ್ಲಿ ಹೋಯಿತೋ! ಎಳೆದ ಸೊಲ್ಲು ಅರ್ಧಕ್ಕೇ ನಿಂತಿತು.

ಲಕ್ಕಿಯ ಕೇರಿಯಲ್ಲಿ ಹಾಗೆ ಬಿಡುವುದುಂಟೇ? ಗದ್ದೆ ನಟ್ಟಿಯಿರಲಿ, ಮದುವೆಯಿರಲಿ, ಒಬ್ಬಳು ಎಳೆದ ಸೊಲ್ಲನ್ನು ಇನ್ನೊಬ್ಬಳು ಎತ್ತಿಕೊಳ್ಳಲೇಬೇಕು. ನಡುವೆ ಬಿಟ್ಟರೆ ಹಾಡಿದವಳಿಗೆ ಅವಮಾನ. ಮಾತು ಬರುವ ಮೊದಲೇ ಆ ಬಾಯಿಗಳಿಗೆ ಅದು ರೂಢಿಯಾಗಿರುತ್ತದೆ. ಬೆಂಚಿನ ಕಡೆ ತುಟಿ ಅಲುಗಿದ್ದು ಹೇಮಾಳಿಗೆ ಕಂಡಿತು. ಬೇಡ ಲಕ್ಕಿ, ಬಾಯಿ ಮುಚ್ಚಿಕೊಂಡಿರೇ ಮಾರಾಯ್ತಿ, ಎಂದು ಒಳಗೊಳಗೇ ಬೇಡಿಕೊಂಡಳು. ಲಕ್ಕಿ ಎತ್ತಿಕೊಂಡೇಬಿಟ್ಟಳು:

"ಉಪ್ಪುಂಡ ಕಗ್ಗ ಒಣಗ್ಯಾವೊ, ರವಿಂದ್ರ
ದಣಿಯೋರ ಸಿಗಡಿ ಬೆಳೆದಾವೊ..."

ಹಾಡಿ ಮುಗಿದ ಮೇಲೆಯೇ ಅವಳಿಗೆ ತಾನೇನು ಮಾಡಿದೆ ಎಂದು ಹೊಳೆದಿದ್ದು: ಸುಟ್ಟ ಪ್ರತಿಯ ಸೊಲ್ಲನ್ನು ಹೆಸರಿನ ಸಮೇತ ಹಾಡಿ, ಕಟ್ಟಿದವಳು ತಾನೇ ಎಂದು ತೋರಿಸಿಕೊಟ್ಟಿದ್ದಳು. ಬಾಯಿಗೆ ಅಡ್ಡ ಕೈ ಹಿಡಿದಳು.

ರವೀಂದ್ರ ಎರಡೂ ಪ್ರತಿಗಳನ್ನು ನಿಧಾನಕ್ಕೆ ಮಡಚಿ ಕಿಸೆಗೆ ಹಾಕಿಕೊಂಡ. ದನಿಯನ್ನೇನೂ ಏರಿಸಲಿಲ್ಲ. "ನಾಳೆಯಿಂದ ಗದ್ದೆಗೆ ಇಳೀಬೇಡ ಲಕ್ಕಿ," ಎಂದು ಮೆಟ್ಟಿಲ ಕಡೆ ತಿರುಗಿದ.

ಹೇಮಾಳಿಗೆ ಅಳು ಒತ್ತಿ ಬಂತು. "ಎಲ್ಲಾ ನನ್ನಿಂದ ಆತು. ನಾ ಹಾಡ್ಲೇಬಾರದಾಗಿತ್ತು."

ಲಕ್ಕಿ ಬಾಯಿಗಿಟ್ಟ ಕೈ ತೆಗೆದು, ಮೆಟ್ಟಿಲಿಳಿಯುತ್ತಿದ್ದವನಿಗೂ ಕೇಳುವ ಹಾಗೆ ಹೇಳಿದಳು:

"ಅಳಬೇಡ ಹೇಮಕ್ಕ. ಮೂರ್ನೇದು ತೆಗಿ. ದಣೇರ ಹೆಸ್ರು ಮೊದಲಿನ ಹಂಗೇ ಹಾಕು. ಕೆಳಗೆ ನಂದೂ ಹಾಕು, ದಪ್ಪ ಅಕ್ಷರದಲ್ಲಿ. ಇದ್ದ ಗದ್ದೆ ಒಂದು, ಅದನ್ನೂ ಕಸ್ಕೊಂಡಾತು. ಇನ್ನು ನನ್ನ ಬಾಯಿಗೆ ಯಾರ ಗೇಣಿ?"