ಸ್ಟೇಪ್ಲರ್ ಕೇಳಲು ಹೋದವನು

ಆ ಆಫೀಸಿನಲ್ಲಿ ಕೆಲಸದಲ್ಲಿ ಮುಳುಗಿದವರನ್ನು ಮಾತಾಡಿಸಿದರೆ ಅವರ ತಲೆಯಲ್ಲಿದ್ದ ಯೋಚನೆ ಮಾತಾಡಿಸಿದವರ ತಲೆಗೆ ಬಂದುಬಿಡುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಿ ಹಿಂದಿರುಗಿಸುವುದು ಅಲ್ಲಿನ ಮರ್ಯಾದೆ. ಮಾತಿನ ಚಪಲದ ಗಿರಿಮಲ್ಲಪ್ಪ ಮಾತ್ರ ಬೆಳಗಿನಿಂದ ಯಾರದೋ ಲೆಕ್ಕ, ಯಾರದೋ ಬುತ್ತಿಯ ಚಿಂತೆ ಹೊತ್ತುಕೊಂಡೇ ತಿರುಗುತ್ತಿದ್ದ.

"ಶಾಂಭವಿ ಅಕ್ಕಾರ, ಸ್ಟೇಪ್ಲರ್ ಕೊಡ್ರಿ."

ಮರುಕ್ಷಣವೇ ಅವನ ಅಂಗೈ ಬಿಸಿಯಾಯಿತು. ಜ್ವರದಿಂದ ಸುಡುವ ಪುಟ್ಟ ಹಣೆ, ಶಿಶುವಿಹಾರದ ಬಾಗಿಲಲ್ಲಿ ಸೆರಗು ಬಿಡದ ಬೆರಳುಗಳು, ಸಾಹೇಬರ ಹತ್ತಿರ ರಜೆ ಕೇಳುವ ಅಂಜಿಕೆ.

ಎದುರಿಗೆ ಫೈಲುಗಳಲ್ಲಿ ಮುಳುಗಿದ್ದ ಶಾಂಭವಿ ಎಲ್ಲ ಮರೆತು ಹಗುರಾಗಿ ನಕ್ಕಳು. "ತಗೋರಿ. ಯಾಕೋ ಮನಸ್ಸು ನಿರಾಳ ಆತು ನೋಡ್ರಿ. ಸಂಜೀತನಕ ಕುಂತು ಎಲ್ಲಾ ಮುಗಿಸಿಬಿಡ್ತೀನಿ."

ಆ ನಗು ಕೆಡಿಸಲು ಅವನಿಗೆ ಮನಸ್ಸಾಗಲಿಲ್ಲ. ಆದರೆ ಮಗು ಅಲ್ಲಿ ಕಾಯುತ್ತಿತ್ತು. ಮೊದಲು ಅವಳ ಫೈಲುಗಳನ್ನು ತನ್ನ ಕಡೆಗೆ ಎಳೆದುಕೊಂಡ.

"ಇವು ನನಗಿರ್ಲಿ ಅಕ್ಕಾರ. ಸಾಹೇಬರಿಗೆ ನಾನು ಹೇಳ್ತೀನಿ. ನಿಮ್ಮ ಕೂಸಿಗೆ ಜ್ವರ ಬಂದೈತಿ, ಹೋಗ್ರಿ."

ಅವಳ ಮುಖ ಬಾಡಿತು. ಚೀಲ ಹೆಗಲಿಗೇರಿಸಿ ಓಡಿದಳು.

ಗಿರಿಮಲ್ಲಪ್ಪ ಸಾಹೇಬರಿಗೆ ಅವಳ ರಜೆಯ ವಿಷಯ ಹೇಳಿ ಬಂದು ಅವಳ ಕುರ್ಚಿಯಲ್ಲಿ ಕುಳಿತ. ಆಮೇಲೆ ಸಂಜೆಯವರೆಗೂ ಯಾರನ್ನೂ ಮಾತಾಡಿಸಲಿಲ್ಲ. ಯೋಚನೆ ಹಿಂದಿರುಗಿಸಿದ್ದರೂ ಅಂಗೈಯ ಬಿಸಿ ಮಾತ್ರ ಇಳಿದಿರಲಿಲ್ಲ.