ಗಾಜಿನ ಯಾವ ಬದಿಗೆ?

"ಇದು ಒಳಗಿಂದ ಅಂಟಿಸೋಕೆ ಅಂತ ಅಕ್ಷರಗಳನ್ನ ಉಲ್ಟಾ ಕತ್ತರಿಸಿದ್ದು ಅಕ್ಕಾ. ಹೊರಗಡೆ ಅಂಟಿಸಿದ್ರೆ ರಸ್ತೇಲಿ ಹೋಗೋರು ಯಾರೂ ಓದೋಕಾಗಲ್ಲ," ಎಂದು ಸ್ಟಿಕ್ಕರಿನವನು ಮೂರನೇ ಸಲ ಹೇಳಿದ.

"ಹೊರಗಡೇನೇ ಅಂಟಿಸಿ," ಎಂದಳು ಟೋಪಿ ಅಂಗಡಿಯವಳು.

ಅವನು ಗಾಜಿಗೆ ಸೋಪಿನ ನೀರು ಚಿಮುಕಿಸಿದ. ಗಾಜು ಒದ್ದೆ ಇರುವಷ್ಟು ಹೊತ್ತು ಹಾಳೆಯನ್ನು ಆಚೀಚೆ ಸರಿಸಬಹುದು. ಅಷ್ಟರಲ್ಲಿ ಇವಳಿಗೆ ಬುದ್ಧಿ ಬಂದೀತು ಎಂದುಕೊಂಡ.

ಅಂಗಡಿ ಅವಳ ಅಣ್ಣನದು. ಈ ವಾರವೂ ಗಿರಾಕಿಗಳು ಬರದಿದ್ದರೆ ಬಾಗಿಲು ಹಾಕುವುದೇ ಎಂದು ಅವನು ಹೇಳಿಯಾಗಿತ್ತು. ಹಾಗಾದರೆ ತಂಗಿಗೆ ಮತ್ತೆ ಅತ್ತಿಗೆಯ ಅಡುಗೆಮನೆಯೇ ಗತಿ.

"ಒಳಗೆ ನಿಂತ್ರೆ ನೆಟ್ಟಗೆ ಓದ್ಬಹುದು, ಸರಿ," ಎಂದ ಅಣ್ಣ. "ಆದ್ರೆ ಒಳಗೆ ಇರೋದು ನೀನೊಬ್ಬಳೇ ಅಲ್ವಾ?"

"ನೀನೂ ಇದ್ದೀಯಲ್ಲ ಅಣ್ಣ. ಬೇಜಾರಾದಾಗ ಓದ್ಕೋ."

ಅವಳು ಕಿರಿದಾದ ರಸ್ತೆಯನ್ನು ದಾಟಿ ಎದುರಿನ ಅಂಗಡಿ ಹೊಕ್ಕು, ಅಲ್ಲಿಯ ಕುರ್ಚಿಯಲ್ಲಿ ಕೂತಳು. ಇವರಿಗೆ ಬೆನ್ನು ಹಾಕಿ. ಹಾಗೆಯೇ ಕೂಗಿದಳು:

"ಇನ್ನೂ ಮೇಲೆ! ಬಲಕ್ಕೆ... ಅಲ್ಲಲ್ಲ, ನಿಮ್ಮ ಎಡಕ್ಕೆ!"

ಸ್ಟಿಕ್ಕರಿನವನ ಕೈ ನಿಂತಿತು. "ಅಣ್ಣಾ, ಇವರಿಗೆ ಬೆನ್ನಲ್ಲಿ ಕಣ್ಣಿದ್ಯಾ?"

"ಕಣ್ಣು ಎಲ್ಲಾದ್ರೂ ಇರ್ಲಿ. ತಲೆ ಎಲ್ಲಿದೆ ಅಂತ ನಾನು ಚಿಕ್ಕಂದಿನಿಂದ ಹುಡುಕ್ತಾ ಇದ್ದೀನಿ."

ಸ್ಟಿಕ್ಕರಿನವನು ಹಾಳೆಯ ಮೇಲೆ ರಬ್ಬರ್ ಪಟ್ಟಿ ಎಳೆದದ್ದೇ ನೀರು ಇಳಿಯಿತು. ಎರಡು ಸಾಲು ಅಕ್ಷರಗಳು ಗಾಜನ್ನು ಕಚ್ಚಿಕೊಂಡವು. ಇನ್ನು ತಿದ್ದುವಂತಿರಲಿಲ್ಲ. ದಾರಿಹೋಕರು ನಿಂತು ನಕ್ಕರು. ಓದಲು ಹೋದವನೊಬ್ಬ ಕತ್ತು ತಿರುಚಿ, ಸೋತು, ಮುಂದೆ ನಡೆದ.

"ನೋಡಿದ್ಯಾ?" ಎಂದ ಅಣ್ಣ, ವಾಪಸು ಬಂದ ತಂಗಿಗೆ.

ಅವಳು ಟೋಪಿಗಳ ಧೂಳು ಒರೆಸತೊಡಗಿದಳು.

ಅರ್ಧ ಗಂಟೆ ಕಳೆದಿರಬೇಕು. ಒಬ್ಬ ಗಿರಾಕಿ ಆಚೀಚೆ ನೋಡದೆ ರಸ್ತೆ ದಾಟಿ ಬಂದ. "ಆ ನೀಲಿದು ಕೊಡಿ. ಬೇಗ." ಪೊಟ್ಟಣ ಬೇಡವೆಂದು ಹಾಗೇ ಹಾಕಿಕೊಂಡು ಹೋದ. ಅವನ ಹಿಂದೆಯೇ ಇನ್ನೊಬ್ಬ. ಆಮೇಲೆ ಮುಖ ಊದಿಸಿಕೊಂಡಿದ್ದ ಅಪ್ಪ ಮಗ, ಒಟ್ಟಿಗೆ.

"ಇವರೆಲ್ಲ ಅದನ್ನ ಹೇಗೆ ಓದಿದ್ರು?" ಎಂದ ಅಣ್ಣ.

"ಹೋಗಿ ನೋಡ್ಕೊಂಡು ಬಾ."

ಅವನು ಹೋಗಿ ಎದುರಿನ ಸಲೂನಿನೊಳಗೆ ಇಣುಕಿದ. ಈಗಷ್ಟೇ ಕಟಿಂಗ್ ಮುಗಿದವರು ಗೋಡೆಯುದ್ದದ ಕನ್ನಡಿಯ ಮುಂದೆ ತಮ್ಮನ್ನೇ ನೋಡಿಕೊಂಡು ಬೆಚ್ಚಿ ಕೂತಿದ್ದರು. ಅದೇ ಕನ್ನಡಿಯಲ್ಲಿ, ಅವರ ತಲೆಗಳ ಮೇಲೆ, ಅಕ್ಷರಗಳು ನೆಟ್ಟಗೆ ನಿಂತಿದ್ದವು: "ಗಾಬರಿ ಬೇಡ. ಬೆನ್ನ ಹಿಂದೆಯೇ ಟೋಪಿ ಅಂಗಡಿ."